ಶಂಶುನ್ನೀಸಾ ಕ್ಯಾಮರಾ ಮುಂದೆ ಕೂತದ್ದು

ಕಳ್ಳ ಸೀಡಿಯ ವಿಂಡೋಸ್ ಹಾಕಿದ್ದಕ್ಕೆ ಪೊಲೀಸರು ಎರಡು ಕಂಪ್ಯೂಟರ್ ಹೊತ್ತುಕೊಂಡು ಹೋದ ಮೇಲೆ, ಮಾಸ್ಕ್ ರೋಡಿನ ಆದಿನಾರಾಯಣ ತನ್ನ ಸೈಬರ್ ಸೆಂಟರಿನ ಉಳಿದ ನಾಲ್ಕಕ್ಕೂ ಲಿನಕ್ಸ್ ಹಾಕಿಸಿದ. ಪುಕ್ಕಟೆ ಸಿಗುತ್ತದಲ್ಲ! ಹಾಕಿದವನು ಮುತ್ತುರಾಜ್. ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಶರಣು ಹೊಡೆದವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಇಂಗ್ಲಿಷ್ ಓದಿ ಇದನ್ನೆಲ್ಲ ಕಲಿತಿದ್ದ. ಚಾಟ್ ಒಂದೇ ವಾರದಲ್ಲಿ ಬಗ್ಗಿತು. ವಿಡಿಯೋ ಕಾಲ್ ಮಾತ್ರ ಹಟಮಾರಿ ಎಮ್ಮೆ. ಇವತ್ತು ಎದ್ದರೆ ನಾಳೆ ಮಲಗುತ್ತಿತ್ತು.

ಅಂಗಡಿಗೊಂದು ಕಟ್ಟಳೆಯಿತ್ತು. ಮೊದಲು ಗಿರಾಕಿಯ ಮುಖ ಪರದೆಯ ಮೂಲೆಯ ಚೌಕದಲ್ಲಿ ಮೂಡಬೇಕು, ಆಮೇಲೆ ಕಾಲ್. ಇಲ್ಲದಿದ್ದರೆ, ‘ನಾನವರಿಗೆ ಕಾಣ್ತಾನೇ ಇಲ್ಲ’ ಎಂದು ರಂಪ.

ಎರಡು ಸಾವಿರದ ಎಂಟರ ಒಂದು ಸೋಮವಾರ, ನಾಲ್ಕು ಗಂಟೆಗೆ, ಶಂಶುನ್ನೀಸಾ ಮಗಳು ವಾಜಿದಾಳ ತೋಳು ಹಿಡಿದು ಬಂದಳು. ಮಗ ಜಬೀವುಲ್ಲಾ ಅರಬ್ ದೇಶದ ದಮ್ಮಾಮಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಹೆಣ ಊರಿಗೆ ಬರುವುದಿಲ್ಲ, ಅಲ್ಲೇ ಮಣ್ಣು. ಜನಾಜಾ ಎತ್ತುವ ಮೊದಲು ಅವನ ಜೊತೆಗಾರ ಲ್ಯಾಪ್‌ಟಾಪ್ ಹಿಡಿದು ಮುಖ ತೋರಿಸುತ್ತೇನೆ ಎಂದಿದ್ದ. ನಮ್ಮ ಗಡಿಯಾರದಲ್ಲಿ ಐದರೊಳಗೆ.

“ಬೇಟಾ, ಒಂದ್ಸಲ ನೋಡ್ಬಿಡ್ತೀನಿ. ಸಾಕು.”

“ತೋರಿಸ್ತೀನಮ್ಮ, ಕೂತ್ಕೊಳ್ಳಿ.” ಮುತ್ತುರಾಜ್ ಕುರ್ಚಿ ಎಳೆದ.

‘ರೆಡಿ ಇದ್ದೀನಿ’ ಎಂದು ಜೊತೆಗಾರ ಚಾಟಿನಲ್ಲಿ ಬರೆದ. ಮುತ್ತುರಾಜ್ ಕ್ಯಾಮರಾ ಸಿಕ್ಕಿಸಿದ. ಚೌಕ ಕಪ್ಪಗೇ ಇತ್ತು. ಹಿಂದಿನ ವಾರ ತಾನೇ ಮಾಡಿದ ಅಪ್‌ಡೇಟ್ ಕ್ಯಾಮರಾ ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರನ್ನು ನುಂಗಿ ಹಾಕಿತ್ತು. ಪರದೆ ತುಂಬ ಕಪ್ಪು ಕಿಟಕಿ ತೆರೆದು ಆಜ್ಞೆ ಮೇಲೆ ಆಜ್ಞೆ ಬಡಿಯತೊಡಗಿದ. ಚಾಟ್ ಅದರ ಹಿಂದೆ ಮುಚ್ಚಿಹೋಯಿತು.

“ಆಯ್ತಾ ಭಾಯ್?” ವಾಜಿದಾ ಕೇಳಿದಳು.

“ಎರಡೇ ನಿಮಿಷ ಅಕ್ಕ.”

“ಏನ್ ಮಗಾ, ಮರ್ಯಾದೆ ತೆಗೀತೀಯಾ?” ಆದಿನಾರಾಯಣ ಕೌಂಟರಿನಿಂದಲೇ ಕೂಗಿದ.

“ನೀವೇ ಬಂದು ಮಾಡ್ರೀ ಹಂಗಾದ್ರೆ! ಪುಕ್ಕಟೆ ಮಾಲು ತಂದು ನನ್ ತಲೆಗ್ ಕಟ್ಟಿ...”

ಕಡೆಗೂ ಕ್ಯಾಮರಾದ ದೀಪ ಹತ್ತಿತು. ಚೌಕದಲ್ಲಿ ಶಂಶುನ್ನೀಸಾಳ ಮುಖ ಮೂಡಿತು. ಆಕೆ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು. ಮುತ್ತುರಾಜ್ ಗೆದ್ದವನಂತೆ ಕಪ್ಪು ಕಿಟಕಿ ಮುಚ್ಚಿದ.

ಹಿಂದೆ ಚಾಟ್ ಕಾದಿತ್ತು. ‘ಕಾಲ್ ಮಾಡಿ.’ ‘ಬೇಗ ಮಾಡಿ.’ ‘ಎಲ್ಲಿದ್ದೀರಿ?’ ಕೊನೆಯದು ಏಳು ನಿಮಿಷ ಹಳೆಯದು: ‘ಎತ್ತಿಬಿಟ್ಟರು. ಮಾಫ್ ಕರೋ.’

ಕಾಲ್ ಒತ್ತಿದ. ಮತ್ತೆ ಒತ್ತಿದ. ಯಾರೂ ಎತ್ತಲಿಲ್ಲ.

“ಮೂರು ಸಲ ಕರ್ದಿದ್ದಾನೆ!” ವಾಜಿದಾ ಚೀರಿದಳು. “ಏನ್ ಮಾಡ್ತಿದ್ದೆ ನೀನು?”

“ಅಮ್ಮನ ಮುಖ ಬರ್ತಿರ್ಲಿಲ್ಲ. ಕ್ಯಾಮರಾ...”

ಶಂಶುನ್ನೀಸಾ ಮೆಲ್ಲಗೆ ಕೇಳಿದಳು: “ನನ್ ಮುಖ ಯಾರಿಗ್ ಬೇಕಿತ್ತು ಬೇಟಾ? ಅವನು ಕಣ್ ಬಿಡ್ತಿದ್ನಾ?”

ಆದಿನಾರಾಯಣ ಓಡಿ ಬಂದ. “ಲೈನೇ ಸರಿ ಇರ್ಲಿಲ್ಲಮ್ಮ. ಈ ಲಿನಕ್ಸ್ ಹಣೆಬರಹಾನೇ ಇಷ್ಟು.”

ವಾಜಿದಾ ಮುತ್ತುರಾಜನತ್ತ ತಿರುಗಿದಳು. “ಹೌದಾ? ನಮ್ ಕ್ಯಾಮರಾ ಇಲ್ದೆ ಅವನು ಕಾಣ್ತಿರ್ಲಿಲ್ವಾ?”

ಆದಿನಾರಾಯಣ ಹಿಂದಿನಿಂದ ಅವನ ಅಂಗಿ ಜಗ್ಗಿದ. ಮುತ್ತುರಾಜ್ ಆ ಕೈ ಕೊಡವಿದ.

“ಕಾಣ್ತಿದ್ದ. ನಾಲ್ಕು ಗಂಟೆಗೇ ಕಾಣ್ತಿದ್ದ.”

ಶಂಶುನ್ನೀಸಾ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು. ಏಳಲು ಹೋಗಿ ಜೋಲಿ ತಪ್ಪಿದಳು, ಕೈಗೆ ಸಿಕ್ಕ ಅವನ ಭುಜವನ್ನೇ ಹಿಡಿದುಕೊಂಡಳು. ಅವನು ಅಲ್ಲಾಡದೆ ನಿಂತ.