ದೇವರ ಗೂಡಿನಲ್ಲಿ ಕಾರಿನ ಕೀ

ಇವತ್ತೂ ಕಾರು ಸ್ಟಾರ್ಟ್ ಆಗಲಿಲ್ಲ. ಅತ್ತೆ ಪಾರ್ವತಮ್ಮನವರನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿದ್ದ ಶಿಲ್ಪಶ್ರೀ ಸೋತು ಸ್ಟೀರಿಂಗ್ ಮೇಲೆ ತಲೆಯಿಟ್ಟಳು. ಮೆಕ್ಯಾನಿಕ್ ಮಹೇಶ ಬಂದು, ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿದ.

"ಮನೇಲಿ ಕೀ ಎಲ್ಲಿಡ್ತೀರಕ್ಕ?"

"ದೇವರ ಗೂಡಲ್ಲಿ. ಅತ್ತೆ ದಿನಾ ವಿಭೂತಿ ಹಚ್ಚಿ ಇಡ್ತಾರೆ."

ಕಾರು ನಿಲ್ಲುತ್ತಿದ್ದದ್ದು ಆ ಗೂಡಿದ್ದ ಗೋಡೆಯಾಚೆಯೇ. ಮಹೇಶ ನಕ್ಕ.

"ಅದಕ್ಕೇ ಕಣಕ್ಕ! ಇದು ಸಿಗ್ನಲ್ ಬಿಡೋ ರಿಮೋಟ್ ಕೀ. ಅಷ್ಟು ಹತ್ರ ಇದ್ರೆ, ಓನರ್ ಬಂದ್ರು ಅಂತ ಗಾಡಿ ಒಳಗಿನ ಕಂಪ್ಯೂಟ್ರು ಮಲಗೋದೇ ಇಲ್ಲ. ಕಾದೂ ಕಾದೂ ಬ್ಯಾಟರಿ ಖಾಲಿ ಮಾಡ್ಬುಡುತ್ತೆ."

ಹಿಂದಿನ ಸೀಟಿನಲ್ಲಿದ್ದ ಪಾರ್ವತಮ್ಮ ಸೊಸೆಯ ಭುಜ ಮುಟ್ಟಿದರು.

"ಕೀನ ಅಡುಗೆಮನೇಲಿಡು ಕಣಮ್ಮ. ನೀನೂ ಇವತ್ತಿಂದ ಒಳಗಿನ ರೂಮಲ್ಲಿ ಮಲಕ್ಕೊ. ನನ್ನ ಪಕ್ಕದಲ್ಲೇ ಇದ್ರೆ, ನಾನು ಕೆಮ್ಮಿದಾಗೆಲ್ಲ ಎದ್ದು ಕೂತ್ಕೋತೀಯ."

"ಆಗಲಿ ಅತ್ತೆ," ಎಂದಳು ಶಿಲ್ಪಶ್ರೀ, ಆಗದೆಂದು ಗೊತ್ತಿದ್ದೂ. ಆಕಳಿಸುತ್ತಲೇ ಗೇರ್ ಹಾಕಿದಳು.