ಹೊರಗೆ ಬಿಸಿಲು, ಒಳಗೆ ಮಳೆ

ಮಳೆ ಬಂತೇನೋ — ಎಲ್ಲಿಯ ಮಳೆ, ದೇವರಾಯಸಮುದ್ರದ ಮೇಲೆ ಬಿಸಿಲು ಸುಡುತ್ತಿದೆ, ಹುಳ ಸೊಪ್ಪು ತಿನ್ನುವ ಸದ್ದು ಅಷ್ಟೇ, ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದ ರೇಷ್ಮೆಹುಳಕ್ಕೆ ಎಷ್ಟು ಹಾಕಿದರೂ ಸಾಲದು, ಇಷ್ಟು ವರ್ಷ ಸಾಕಿಯೂ ಸುನಂದಳ ಕಿವಿ ಮೋಸಹೋಗುತ್ತದೆ, ಅಂದಮೇಲೆ ಯೂಟ್ಯೂಬಿನಲ್ಲಿ ಅವಳು ನೋಡುವ ಧಾರಾವಾಹಿಯ ಆ ಇನ್ಸ್‌ಪೆಕ್ಟರ್ ಯಾವ ಲೆಕ್ಕ, ಪಾಪ, ಕಾಣೆಯಾದ ಹೆಂಗಸನ್ನು ಊರೂರು ಹುಡುಕಿ ಕೊನೆಗೆ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತ, ಕಿವಿಯಿಟ್ಟ, ಒಳಗೆ ಸರಸರ ಸದ್ದು, ತಟ್ಟಲು ಕೈ ಎತ್ತಿದ — ಕೊನೆಯ ಕಂತು ಅಲ್ಲಿಗೇ ಮುಗಿಯಿತು. ಅವತ್ತಿನಿಂದ ಕಮೆಂಟು ಬರೆಯುವ ಜನರಿಗೆ ನಿದ್ದೆಯಿಲ್ಲ, ನಲ್ಲಿ ತೆರೆದುಬಿಟ್ಟು ಸತ್ತಿದ್ದಾಳೆ ಅಂತ ಒಬ್ಬ, ಅದು ಎಣ್ಣೆ ಕಾಯೋ ಸದ್ದು, ಆರಾಮಾಗಿ ಬೋಂಡ ಕರೀತಿದಾಳೆ ಅಂತ ಇನ್ನೊಬ್ಬ, ಮನೆಯಲ್ಲಿ ಸುನಂದಳ ಗಂಡ ಅನಿಲ್‌ಕುಮಾರನದೂ ಒಂದು, ಆಯಮ್ಮ ಹಿತ್ಲ ಬಾಗ್ಲಿಂದ ಯಾವಾಗ್ಲೋ ಜಾಗ ಖಾಲಿ ಮಾಡಿದಾಳೆ ಕಣೇ, ನೀನು ಮೊದ್ಲು ಸೊಪ್ಪು ಹಾಕು. ಹಾಕುತ್ತಿದ್ದಾಳಲ್ಲ, ಕೈ ತನ್ನಷ್ಟಕ್ಕೆ ಹಾಕುತ್ತಿದೆ, ಮನಸ್ಸು ಮಾತ್ರ ಆ ರಾಶಿ ಕಮೆಂಟುಗಳ ಅಡಿಯಲ್ಲಿ ಸಿಕ್ಕ ಒಂದನ್ನೇ ಹಿಡಿದು ಕೂತಿದೆ, ಬರೆದವರ ಹೆಸರಿಲ್ಲ, ಬರೀ ಕನಕಾಂಬರದ ಚಿತ್ರ — ನಲ್ಲಿನೂ ಅಲ್ಲ ಎಣ್ಣೆನೂ ಅಲ್ಲ, ಹುಳ ಸೊಪ್ಪು ತಿನ್ನೋ ಸದ್ದು, ಹೊರಗೆ ಬಿಸಿಲು ಒಳಗೆ ಮಳೆ, ಆಯಮ್ಮ ಒಳಗೇ ಇದಾಳೆ, ಆದ್ರೆ ಬಾಗಿಲು ತೆಗೆಯಲ್ಲ. ಅದರ ಕೆಳಗೆ ಯಾರೋ ಪಟ್ಟಣದವರು ಹಲ್ಲು ಕಿರಿದು ಹೋಗಿದ್ದರು.

ಹೊರಗೆ ಬಿಸಿಲು ಒಳಗೆ ಮಳೆ, ಹಾಗನ್ನುವವಳು ಲೋಕದಲ್ಲಿ ಒಬ್ಬಳೇ, ತಂಗಿ ಗಂಗಾ, ಲಂಗ ಉಡುವ ವಯಸ್ಸಿನಲ್ಲಿ ಹುಳದ ತಟ್ಟೆಗಳ ಕೆಳಗೆ ಅಂಗಾತ ಮಲಗಿ, ಅಕ್ಕಾ ಪೂರ್ತಿ ನೆಂದೋದೆ ಕಣೇ ಅಂತ ಸುಳ್ಳುಸುಳ್ಳೇ ಮುಖ ಒರೆಸಿಕೊಳ್ಳುತ್ತಿದ್ದವಳು, ಎಲ್ಲಿದ್ದೀಯೇ ನನ್ನ ತಾಯಿ, ರಾಯಲ್ಪಾಡಿನ ಟೊಮೇಟೊ ಬೆಳೆಯುವ ಕದಿರೇಶನನ್ನು ಹೇಳದೆ ಕೇಳದೆ ಕಟ್ಟಿಕೊಂಡಾಗ ತೌರಿನವರೆಲ್ಲ ಬಾಯಿಗೆ ಬಂದದ್ದು ಅಂದರು, ಸುನಂದ ಒಂದು ಮಾತೂ ಅನ್ನಲಿಲ್ಲ, ಆ ಧೈರ್ಯಕ್ಕೇ ಅಲ್ಲವೇ ಅವಳು ಅಕ್ಕನನ್ನು ಹುಡುಕಿಕೊಂಡು ಬಂದದ್ದು, ಅವತ್ತೂ ಹೀಗೇ ಬಿಸಿಲು, ಹೀಗೇ ಹುಳ ಎದ್ದ ಹೊತ್ತು, ಅಕ್ಕಾ ಎಂದು ಬಾಗಿಲಲ್ಲಿ ದನಿ, ತಿರುಗಿದರೆ ಗಂಗಾ, ಸೊರಗಿದ್ದಾಳೆ, ನಗುತ್ತಿದ್ದಾಳೆ, ಆದರೆ ಅವಳ ನಗುವಿಗಿಂತ ಮೊದಲು ಮೂಗಿಗೆ ಬಡಿದದ್ದು ಸೀರೆಯ ವಾಸನೆ, ಟೊಮೇಟೊಗೆ ಹೊಡೆಯುವ ಔಷಧಿ, ಅದರ ಗಾಳಿ ತಾಕಿದರೆ ಸಾಕು, ಹುಳ ಕಕ್ಕಿಕೊಂಡು ಸಾಯುತ್ತವೆ, ತೋಟದಲ್ಲೇ ಇರುವವಳಿಗೆ ಆ ವಾಸನೆ ತಿಳಿಯುವುದೇ ನಿಂತಿರಬೇಕು, ಸುನಂದಳ ಕೈ ಮನಸ್ಸನ್ನು ಕೇಳಲಿಲ್ಲ, ದಡಾರನೆ ಬಾಗಿಲು ಹಾಕಿತು. ಕೈಲಿದ್ದ ಸೊಪ್ಪು ಹರವಿ, ಹಿತ್ತಿಲ ಬಾಗಿಲಿಂದ ಸುತ್ತಿ ಬಂದು ತಬ್ಬಿಕೊಳ್ಳೋಣ ಅಂತಲೇ ಇದ್ದಳು, ಒಂದು ತಟ್ಟೆ ಮುಗಿಸುವಷ್ಟು ಹೊತ್ತು, ಬಂದು ನೋಡಿದರೆ ಯಾರೂ ಇಲ್ಲ, ಹುಳಕ್ಕೆ ರೋಗ ತಾಗದಿರಲೆಂದು ಹೊಸಿಲಾಚೆ ಹರಡಿದ ಸುಣ್ಣದ ಪುಡಿಯಲ್ಲಿ ಎರಡು ಬರಿಗಾಲಿನ ಗುರುತು, ಬೆರಳು ಒಳಮುಖ, ಬಾಗಿಲ ಕಡೆಗೆ. ಚಪ್ಪಲಿ ದೂರ ಬಿಟ್ಟು ಬಂದಿದ್ದಳು, ಹುಳದ ಮನೆಯ ರೀತಿ ಮರೆತಿರಲಿಲ್ಲ. ಆಮೇಲೆ ರಾಯಲ್ಪಾಡಿಗೆ ಹೋದರೆ ಬೀಗ, ಪಕ್ಕದ ಮನೆ ಮುದುಕಿ, ವಾಳ್ಳು ಎಳ್ಳಿಪೋಯಿನಾರಮ್ಮ, ಅವ್ರು ಹೊರಟೋದ್ರು, ಆಂಧ್ರದ ಕಡೆ ತೋಟ ಗುತ್ತಿಗೆಗೆ ಹಿಡಿದವ್ರಂತೆ, ಊರ ಹೆಸರು ಗೊತ್ತಿಲ್ಲ, ಹಳೇ ನಂಬರೂ ಚಾಲ್ತಿಯಲ್ಲಿಲ್ಲ.

ಇವತ್ತು ಬೆಳಗ್ಗೆ ಸುನಂದ ಆ ಕನಕಾಂಬರದ ಕಮೆಂಟಿನ ಕೆಳಗೆ ತನ್ನದೂ ಬರೆದಳು, ಆಯಮ್ಮ ಬಾಗಿಲು ಹಾಕಿದ್ದು ಔಷಧಿ ವಾಸನೆಗೆ ಹೆದರಿ, ಬಂದವಳ ಮೇಲೆ ಕೋಪ ಇರಲಿಲ್ಲ, ಈಚೆ ಬರೋಷ್ಟರಲ್ಲಿ ಬಂದವಳು ಇರಲಿಲ್ಲ, ಹುಡುಕ್ತಾನೇ ಇದಾಳೆ. ಈಗ ನೋಡಿದರೆ ಉಮೇಶ್ ಅನ್ನುವ ಯಾರೋ, ಸೂಪರ್ ಥಿಯರಿ ಮೇಡಂ, ಮುಂದಿನ ಸೀಸನ್ ನೀವೇ ಬರೀರಿ, ಇನ್ನೂ ನಾಲ್ಕಾರು ಜನ ಹೆಬ್ಬೆರಳು ಎತ್ತಿದ್ದಾರೆ, ಕನಕಾಂಬರ ಸುಮ್ಮನಿದೆ. ಅವಳಲ್ಲದಿದ್ದರೆ, ಅವಳೇ ಆಗಿದ್ದು ಓದದಿದ್ದರೆ, ಓದಿಯೂ — ಬೇಡ. ಸುನಂದ ಎದ್ದು ಬಾಗಿಲು ತೆಗೆದಳು, ಪೂರ್ತಿ, ಗೋಡೆಗೆ ತಾಗುವವರೆಗೆ. ಏನೇ ಅದು, ಊಜಿ ನೊಣ ನುಗ್ಗಿ ಹುಳದ ಮೇಲೆ ಮೊಟ್ಟೆ ಇಡ್ತಾವೆ, ಬಾಗ್ಲು ಹಾಕೇ, ಗಂಡ ಕೂಗುತ್ತಿದ್ದಾನೆ, ಹಾಕ್ತೀನಿ ಇರ್ರೀ, ಹಾಕ್ತೀನಿ, ಬೆನ್ನ ಹಿಂದೆ ಮಳೆ ಸುರಿಯುತ್ತಿದೆ, ಮುಂದೆ ಬಿಸಿಲು, ಹೊಸಿಲಾಚೆ ಬೆಳಗ್ಗೆ ತಾನೇ ಹರಡಿದ ಸುಣ್ಣ, ಬೆಳ್ಳಗೆ, ಯಾರೂ ತುಳಿದಿಲ್ಲ, ಆದರೂ ಸುನಂದಳ ಕಣ್ಣಿಗೆ ಅಲ್ಲೇ, ಎರಡು ಕಾಲು, ಬೆರಳು ಒಳಮುಖ, ಎರಡು ಕಾಲು —