ನೀರಿಗೆ ಇಳಿಯಲು ಹೊರಟ ಡ್ರೋನ್

ನಮ್ಮ ಯಜಮಾನರು ಮೂವತ್ತು ವರ್ಷ ಕತ್ತರಿ ಹಿಡಿದವರು. ಅವರ ಕಟಿಂಗ್ ಶಾಪಿನಲ್ಲಿ ಇದ್ದದ್ದು ಒಂದೇ ಕುರ್ಚಿ, ಒಂದೇ ಕನ್ನಡಿ. ಹೊರಗಿನ ಬೆಂಚಿನ ಮೇಲೆ ಮಾತ್ರ ಕೆಲಸವಿಲ್ಲದವರೆಲ್ಲ ಹರಟೆ ಹೊಡೆಯುತ್ತಾ ಕೂತಿರುತ್ತಿದ್ದರು. ಹೋದ ವರ್ಷ ಅವರ ಕೈ ನಡುಗಲು ಶುರುವಾಯಿತು. ಪ್ರಾಣಕ್ಕೇನೂ ಅಪಾಯವಿಲ್ಲ, ನಡುಕ ಮಾತ್ರ ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಒಂದು ದಿನ ಹಳೇ ಗಿರಾಕಿಯೊಬ್ಬರ ಕಿವಿಯ ಹಿಂದೆ ರೇಜರ್ ತಾಗಿ ಒಂದು ಹನಿ ರಕ್ತ ಬಂತು. ಆ ಪುಣ್ಯಾತ್ಮರು ಎಂದಿನ ಹಾಗೇ ದುಡ್ಡು ಕೊಟ್ಟು ಹೋದರು. ಇವರು ಸಂಜೆಗೇ ಷಟರ್ ಎಳೆದು ಬಂದರು, ಮತ್ತೆ ತೆಗೆಯಲಿಲ್ಲ.

ಅಂಗಡಿ ಹೋದರೆ ಹೋಗಲಿ ಅಂದುಕೊಂಡೆ. ಆದರೆ ಇವರು ಏನನ್ನೂ ಕೈಯಲ್ಲಿ ಹಿಡಿಯುವುದನ್ನೇ ಬಿಟ್ಟುಬಿಟ್ಟರು. ನೆಂಟರು ಬಂದರೆ ಕಾಫಿ ಲೋಟ ಮುಟ್ಟುವುದಿಲ್ಲ. ಟೀವಿಯ ಗುಂಡಿಯನ್ನೂ ನಾನೇ ಒತ್ತಬೇಕು. ಇಡೀ ದಿನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿರುವ ಗಂಡನನ್ನು ನೋಡಿದರೆ ನನಗೆ ಒಂದು ಕಡೆ ಸಿಟ್ಟು, ಒಂದು ಕಡೆ ಅಳು. ನನಗೆ ಬೇಕಾಗಿದ್ದು ಒಂದೇ: ನಡುಗಿದರೂ ಸರಿ, ಈ ಮನುಷ್ಯ ಮತ್ತೆ ಏನಾದರೂ ಹಿಡಿಯಬೇಕು.

ಮಗಳು ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಕ್ಕಿತೆಂದರೆ ಟೆಂಟು, ಡ್ರೋನು ಕಟ್ಟಿಕೊಂಡು ಗುಡ್ಡ ಬೆಟ್ಟ ಸುತ್ತುವ ಹುಚ್ಚು ಅವಳಿಗೆ. ಈ ಸಲ ನಮ್ಮಿಬ್ಬರನ್ನೂ ಎಳೆದುಕೊಂಡು ಹೊರಟಳು. ಗುಡ್ಡಗಳ ನಡುವಿನ ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಟೆಂಟ್ ಹಾಕಿದೆವು. ನೆಲದ ಮೇಲೆ ಮಲಗಿ ನನ್ನ ಸೊಂಟ ಸತ್ಯಾನಾಶವಾಯಿತು, ಆ ಮಾತು ಬೇರೆ.

ಬೆಳಿಗ್ಗೆ ಬಾಡಿಗೆಯ ದೋಣಿಯಲ್ಲಿ ಕೆರೆಯ ಮಧ್ಯಕ್ಕೆ ಹೋದೆವು. ಮಗಳು ಡ್ರೋನನ್ನು ದೋಣಿಯಿಂದಲೇ ಹಾರಿಸಿದಳು. ಅದು ಜೀರುಂಡೆಯ ಹಾಗೆ ಗುಂಯ್‌ಗುಡುತ್ತಾ ಗುಡ್ಡದ ಕಡೆ ಹೋಯಿತು.

"ಅಪ್ಪ, ಒಂದ್ಸಲ ಹಿಡ್ಕೊಂಡು ನೋಡಿ" ಎಂದು ರಿಮೋಟ್ ಚಾಚಿದಳು.

"ಬೇಡ" ಎಂದರು ಇವರು, ಕಡ್ಡಿ ಮುರಿದ ಹಾಗೆ.

ಅವಳು ತಾನೇ ಹಾರಿಸತೊಡಗಿದಳು. ರಿಮೋಟಿನ ಪರದೆಯಲ್ಲಿ ಗುಡ್ಡದ ನೆತ್ತಿ, ಹಸಿರು ಇಳಿಜಾರು, ಬಿಳಿ ದಾರದಂಥ ಒಂದು ಝರಿ ಕಾಣಿಸಿದವು. ನೋಡುತ್ತಾ ನೋಡುತ್ತಾ ನಾವು ಮೈಮರೆತೆವು. ಅಷ್ಟರಲ್ಲಿ ಗಾಳಿ ದೋಣಿಯನ್ನು ಎತ್ತಲೋ ತಳ್ಳಿಕೊಂಡು ಹೋಗಿತ್ತು.

ರಿಮೋಟ್ ಕುಂಯ್ ಕುಂಯ್ ಎಂದು ಬಡಿದುಕೊಳ್ಳತೊಡಗಿತು. ಬ್ಯಾಟರಿ ಮುಗಿಯುತ್ತಿದೆ, ಇನ್ನು ತಾನಾಗಿಯೇ ವಾಪಸ್ ಬರುತ್ತದೆ ಎಂದಳು ಮಗಳು.

"ಬರ್ಲಿ ಬಿಡು, ಒಳ್ಳೇದೇ ಆಯ್ತಲ್ಲ" ಎಂದೆ.

ಅವಳ ಮುಖ ಬಿಳುಚಿಕೊಂಡಿತು. "ಅಯ್ಯೋ ಅಮ್ಮ, ಅದು ನಮ್ಮ ಹತ್ರ ಬರಲ್ಲ! ಹೊರಟ ಜಾಗಕ್ಕೆ ಹೋಗತ್ತೆ. ಅಲ್ಲಿ ಈಗ ಬರೀ ನೀರಿದೆ!"

ನೋಡಿದರೆ ನಿಜ. ದೂರದಲ್ಲಿ ಡ್ರೋನು ಖಾಲಿ ನೀರಿನ ಮೇಲೆ ಬಂದು ನಿಂತು, ನಿಧಾನವಾಗಿ ಇಳಿಯತೊಡಗಿತ್ತು.

"ಇಳಿಯಕ್ಕೆ ಶುರು ಮಾಡಿದ್ಮೇಲೆ ಅದು ಪಕ್ಕಕ್ಕೆ ಬರಲ್ಲ, ನಾವೇ ಅಲ್ಲಿಗೆ ಹೋಗ್ಬೇಕು. ಈ ಗಾಳಿಗೆ ಎದುರಾಗಿ ಒಬ್ಬಳೇ ಹುಟ್ಟು ಹಾಕಕ್ಕಾಗಲ್ಲ. ಒಬ್ಬರು ನನ್ನ ಜೊತೆ ಹುಟ್ಟು ಹಾಕ್ಬೇಕು, ಇನ್ನೊಬ್ಬರು ರಿಮೋಟಿನ ಈ ಎಡಗಡೆ ಕಡ್ಡೀನ ಮೇಲಕ್ಕೆ ಒತ್ತಿ ಹಿಡ್ಕೋಬೇಕು. ಬಿಟ್ರೆ ಡ್ರೋನು ಮುಳುಗತ್ತೆ. ಅಮ್ಮ, ನೀನು ರಿಮೋಟ್ ಹಿಡ್ಕೋ."

ನಾನು ಅಷ್ಟು ಹೊತ್ತಿಗೆ ಹುಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡಾಗಿತ್ತು. ಜನ್ಮದಲ್ಲಿ ಹುಟ್ಟು ಹಾಕಿದವಳಲ್ಲ ನಾನು. ಬೇಕೆಂದೇ ಹಿಡಿದೆ. ಮಗಳ ಡ್ರೋನು ಮುಳುಗಿದರೆ ನನ್ನನ್ನು ಜನ್ಮಪೂರ್ತಿ ಬೈಯುತ್ತಾಳೆಂದು ಗೊತ್ತಿದ್ದೂ ಹಿಡಿದೆ.

"ನನಗೆ ಅದೆಲ್ಲ ತಿಳಿಯಲ್ಲ. ನಿಮ್ಮಪ್ಪನಿಗೆ ಕೊಡು."

"ಲೇ, ನನ್ನ ಕೈ..." ಎಂದರು ಇವರು.

"ಗೊತ್ತು ರೀ, ನಡುಗತ್ತೆ. ನಡುಗ್ಲಿ. ಹಿಡ್ಕೊಳ್ಳಿ!"

ಇವರು ನನ್ನನ್ನು ನುಂಗುವ ಹಾಗೆ ನೋಡಿದರು. ಆಮೇಲೆ ಡ್ರೋನಿನ ಕಡೆ ನೋಡಿದರು. ಕಂಕುಳಿಂದ ಕೈ ತೆಗೆದು ರಿಮೋಟ್ ಕಸಿದುಕೊಂಡರು.

ಅವರ ಹೆಬ್ಬೆರಳು ಗಡಗಡ ನಡುಗುತ್ತಿತ್ತು. ಡ್ರೋನು ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ ಜೀಕಿತು. ಅಷ್ಟೇ. ನೀರಿಗೆ ಮಾತ್ರ ಇಳಿಯಲಿಲ್ಲ. ನನ್ನ ಹುಟ್ಟಿನ ವೈಖರಿಗೆ ದೋಣಿ ಒಂದು ಸುತ್ತು ತಿರುಗಿಯೂ ಬಂತು.

"ಎಡಕ್ಕೆ ಹಾಕೇ! ಕಣ್ಣಿಲ್ವಾ ನಿನಗೆ? ಪುಟ್ಟಿ, ನೀನು ಜೋರಾಗಿ ಎಳಿ!" ಎಂದು ಇವರು ಕೂಗಾಡಿದರು. ವರ್ಷದಿಂದ ಈ ದನಿ ಕೇಳಿರಲಿಲ್ಲ. ಬೈಗುಳ ಕೇಳಿ ಇಷ್ಟು ಖುಷಿಯಾದದ್ದು ನನಗೆ ಅದೇ ಮೊದಲು.

ಕೊನೆಗೂ ಅದರ ಅಡಿಗೆ ತಲುಪಿದೆವು. ಮಗಳು ಮೊಣಕಾಲೂರಿ ಕೈ ಎತ್ತಿದಳು. "ಅಪ್ಪ, ಈಗ ಮೆಲ್ಲಗೆ ಕಡ್ಡಿ ಕೆಳಗೆ ತನ್ನಿ."

ಇವರು ಕಡ್ಡಿಯನ್ನು ಇಷ್ಟಿಷ್ಟೇ ಕೆಳಗೆ ತಂದರು. ಡ್ರೋನು ಕುಡಿದವನ ಹಾಗೆ ತೂರಾಡುತ್ತಾ ಇಳಿದು ಮಗಳ ಅಂಗೈಗೆ ಬಂತು. ಅವಳು ಗಬಕ್ಕನೆ ಹಿಡಿದು ಆಫ್ ಮಾಡಿದಳು. ಮೂವರೂ ಏದುಸಿರು ಬಿಡುತ್ತಾ ಕೂತೆವು.

"ಕೊಡಿ ಅಪ್ಪ" ಎಂದು ಅವಳು ರಿಮೋಟಿಗೆ ಕೈ ಚಾಚಿದಳು.

ಇವರು ಕೊಡಲಿಲ್ಲ. "ಇನ್ನೊಂದು ಬ್ಯಾಟರಿ ಇದೆಯಾ?"

"ಟೆಂಟಲ್ಲಿದೆ."

"ಹಾಗಾದ್ರೆ ದಡಕ್ಕೆ ನಡಿ. ಆ ಝರಿ ಎಲ್ಲಿಂದ ಹುಟ್ಟತ್ತೆ ಅಂತ ನಾನು ನೋಡ್ಬೇಕು."

ಮಗಳು ನನ್ನ ಕಡೆ ನೋಡಿದಳು. ನಾನು ಮುಖ ಆಚೆ ತಿರುಗಿಸಿಕೊಂಡು, ಮನಸಾರೆ ಅಳುತ್ತಾ, ಹುಟ್ಟು ಹಾಕತೊಡಗಿದೆ.

"ಅಲ್ಲ ಕಣೇ, ದಡ ಈ ಕಡೆ!" ಎಂದರು ಇವರು.